ಗೋರೆಗಾಂವ್‌ನ ಗಲ್ಲಿ ಕೇಬಲ್‌ನವರ ಫೈಬರ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಯಾರ ಹೆಸರೂ ಇಲ್ಲ. ನಾನು ಬಿಟ್ಟ ದೊಡ್ಡ ಕಂಪನಿಯದೂ ಇಲ್ಲ, ಈಗ ಹಾಕಿಸಿಕೊಂಡಿರುವ ಗಲ್ಲಿ ಕೇಬಲ್‌ನವರದೂ ಇಲ್ಲ. ಕೇಸ್ ಹಾಕುತ್ತಾರೆ ಅಂತ ಹೆದರಿ ಅಲ್ಲ. ಮುಂಬಯಿಯಲ್ಲಿ ಇಂಟರ್ನೆಟ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಕಂಪನಿಗಿಂತ ಜಾಸ್ತಿ ಬಿಲ್ಡಿಂಗ್ ಮೇಲೆ ಹೋಗುತ್ತದೆ. ಎರಡೂವರೆ ವರ್ಷ ನನ್ನ ಜೀವ ತಿಂದ ಅದೇ ಕಂಪನಿಯ ಲೈನ್ ಮಲಾಡ್‌ನಲ್ಲಿ ನನ್ನ ತಂಗಿಯ ಮನೆಯಲ್ಲಿ ಒಂದು ತಕರಾರಿಲ್ಲದೆ ಓಡುತ್ತಿದೆ. ಹಾಗಾಗಿ ಹೆಸರು ತಿಳಿದು ನಿಮಗೇನೂ ಲಾಭವಿಲ್ಲ. ಏನು ನೋಡಬೇಕು, ಯಾವ ಹೊತ್ತಿನಲ್ಲಿ ನೋಡಬೇಕು ಅಂತ ಹೇಳಿದರೆ ಏನಾದರೂ ಉಪಯೋಗವಾದೀತು.

ನಮ್ಮದು ಗೋರೆಗಾಂವ್ ವೆಸ್ಟ್, ನಾಲ್ಕು ಮಾಳಿಗೆಯ ಹಳೇ ಸೊಸೈಟಿ. ಮೂರನೇ ಮಾಳಿಗೆಯಲ್ಲಿ ಮನೆ, ಲಿಫ್ಟ್ ಇಲ್ಲ. ಮನೆಯಲ್ಲಿ ಐದು ಜನ, ಐದು ಜನಕ್ಕೂ ಐದು ಥರದ ಇಂಟರ್ನೆಟ್ ಬೇಕು. ಮಾವ ಕುಂದಾಪುರ ಕಡೆಯವರು, ಫೋರ್ಟ್‌ನಲ್ಲಿ ಹೋಟೆಲ್ ಗಲ್ಲೆಯ ಮೇಲೆ ಮೂವತ್ತು ವರ್ಷ ಕೂತವರು, ಈಗ ರಾತ್ರಿ ಊಟ ಆದ ಕೂಡಲೇ ಯೂಟ್ಯೂಬ್‌ನಲ್ಲಿ ಯಕ್ಷಗಾನ ಲೈವ್ ಹಾಕಿಕೊಂಡು ಕೂರುತ್ತಾರೆ. ಅತ್ತೆಗೆ ದುಬೈನಲ್ಲಿರುವ ಮಗನ ಹತ್ತಿರ ವಿಡಿಯೊದಲ್ಲಿ ಮಾತಾಡಬೇಕು. ಹೆಂಡತಿಯ ಆಫೀಸಿನ ಕ್ಲೈಂಟ್ ಜರ್ಮನಿಯವರು, ವಾರದಲ್ಲಿ ಮೂರು ದಿನ ಮನೆಯಿಂದಲೇ ವಿಪಿಎನ್ (ಹೊರಗಿನವರಿಗೆ ಕಾಣದ ಹಾಗೆ ಆಫೀಸಿನ ಸರ್ವರ್‌ಗೆ ಹೋಗುವ ದಾರಿ) ಹಾಕಿಕೊಂಡು ಕೆಲಸ. ಮಗಳು ಹನ್ನೊಂದನೇ ಕ್ಲಾಸು, ಅವಳ ಕೋಚಿಂಗ್‌ನವರ ಪಾಠದ ವಿಡಿಯೊಗಳು ಅವರದೇ ಒಂದು ಸಣ್ಣ ಆಪ್‌ನಲ್ಲಿ ಬರುತ್ತವೆ. ನನಗೆ ಕ್ರಿಕೆಟ್ ಸಾಕು.

ಕಥೆ ಶುರುವಾಗಿದ್ದು ಮಗಳ ಪಾಠದಿಂದ. ದೊಡ್ಡ ಕಂಪನಿಯ 100 ಎಂಬಿಪಿಎಸ್ ಪ್ಲಾನ್, ತಿಂಗಳಿಗೆ 999 ಮತ್ತು ಜಿಎಸ್‌ಟಿ, ಕೈಗೆ ಬಂದಾಗ 1179 ರೂಪಾಯಿ. ಜೊತೆಗೆ ಹನ್ನೆರಡು ಆಪ್ ಫ್ರೀ ಅಂತ ಕೊಟ್ಟಿದ್ದರು, ಅದರಲ್ಲಿ ಹತ್ತನ್ನು ನಾವು ಒಮ್ಮೆಯೂ ತೆರೆದಿಲ್ಲ. ಹಗಲು ಎಲ್ಲವೂ ಚೆನ್ನಾಗಿತ್ತು. ರಾತ್ರಿ ಎಂಟೂವರೆ ಆಯಿತೋ, ಪಾಠದ ವಿಡಿಯೊ ಸುತ್ತಲು ಶುರು. ಅದೇ ಹೊತ್ತಿನಲ್ಲಿ, ಅದೇ ವೈಫೈಯಲ್ಲಿ, ಹಾಲಿನ ಟಿವಿಯಲ್ಲಿ ಮಾವನ ಯಕ್ಷಗಾನ ಒಂದು ತಡೆಯೂ ಇಲ್ಲದೆ ಓಡುತ್ತಿತ್ತು, ಚೆಂಡೆಯ ಪೆಟ್ಟು ಪೆಟ್ಟೂ ಕೇಳುತ್ತಿತ್ತು. ಮಗಳು ಅಜ್ಜನ ಮೇಲೆ ರೇಗಿದಳು, ನೀವು ನೋಡುವುದರಿಂದಲೇ ನನಗೆ ಬರುವುದಿಲ್ಲ ಅಂತ. ಪಾಪ, ಅವರು ಎರಡು ದಿನ ಟಿವಿ ಬಂದ್ ಮಾಡಿ ಕೂತರು. ಆಗಲೂ ಪಾಠ ಸುತ್ತುತ್ತಲೇ ಇತ್ತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಒಂದೇ ಪ್ರಶ್ನೆ: ಡಬ್ಬಿಯ ಮೇಲೆ ಕೆಂಪು ಲೈಟ್ ಮಿನುಗುತ್ತಿದೆಯಾ ಸರ್? ಇಲ್ಲ. ಹಾಗಾದರೆ ನಮ್ಮ ಆಪ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಮಾಡಿದೆ, 102 ಬಂತು. ನೋಡಿ ಸರ್, ನಿಮಗೆ ಎರಡು ಜಾಸ್ತಿಯೇ ಬರುತ್ತಿದೆ, ಅಂತ ಹೇಳಿ ಕಂಪ್ಲೇಂಟ್ ಮುಚ್ಚಿದರು. ಮೆಸೇಜ್ ಬಂತು, ನಿಮ್ಮ ಸಮಸ್ಯೆ ಬಗೆಹರಿದಿದೆ, ನಮಗೆ ರೇಟಿಂಗ್ ಕೊಡಿ. ಇದು ಒಂದು ಸಲ ಅಲ್ಲ, ಏಳು ಸಲ.

ಆಮೇಲೆ ತಿಳಿಯಿತು, ಆ ಸ್ಪೀಡ್ ಟೆಸ್ಟ್ ಹೋಗಿ ಬರುವುದು ಕಂಪನಿಯ ಸ್ವಂತ ಸರ್ವರ್‌ಗೆ. ಅಂದರೆ ನಮ್ಮ ಮನೆಯಿಂದ ಅವರ ಮನೆಯ ಬಾಗಿಲಿನವರೆಗೆ ರಸ್ತೆ ಚೆನ್ನಾಗಿದೆ ಅಂತ ಅಷ್ಟೇ ಅದು ಹೇಳುತ್ತದೆ. ಬಾಗಿಲಿನಿಂದ ಆಚೆ ಏನಾಗುತ್ತಿದೆ ಅಂತ ಹೇಳುವುದಿಲ್ಲ. ನೀವು ಯಾರಾದರೂ ಟೆಸ್ಟ್ ಮಾಡುವುದಿದ್ದರೆ ಸರ್ವರ್ ಬದಲಾಯಿಸಿ, ಸಿಂಗಾಪುರದ್ದೋ ಚೆನ್ನೈಯದ್ದೋ ಇಟ್ಟು ಮಾಡಿ. ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ಮಾಡಿ. ಬೆಳಿಗ್ಗೆ ಆರಕ್ಕೆ ಮಾಡಿದರೆ ಎಲ್ಲ ಕಂಪನಿಯೂ ಒಳ್ಳೆಯ ಕಂಪನಿಯೇ.

ಒಂದು ರಾತ್ರಿ ಮಗಳ ಲ್ಯಾಪ್‌ಟಾಪ್ ಕೆಟ್ಟು, ಅಮ್ಮನ ಲ್ಯಾಪ್‌ಟಾಪ್‌ನಲ್ಲಿ ಪಾಠ ಹಾಕಿದಳು. ಅದರಲ್ಲಿ ಆಫೀಸಿನ ವಿಪಿಎನ್ ಆನ್ ಇತ್ತು. ಹಾಗೆ ಹಾಕಬಾರದು ಅಂತ ಗೊತ್ತು, ಆಫೀಸಿನವರು ಓದುತ್ತಿದ್ದರೆ ಕ್ಷಮಿಸಿ. ಆಶ್ಚರ್ಯ ಏನೆಂದರೆ ವಿಡಿಯೊ ಸರಾಗ ಓಡಿತು. ವಿಪಿಎನ್ ಆಫ್ ಮಾಡಿದರೆ ಮತ್ತೆ ಸುತ್ತು. ಆನ್ ಮಾಡಿದರೆ ಓಟ. ಐದು ಸಲ ಮಾಡಿ ನೋಡಿದೆ. ನನಗೆ ರಕ್ತ ಕುದಿಯಿತು. ಬೇಕೆಂದೇ ನಿಧಾನ ಮಾಡುತ್ತಿದ್ದಾರೆ, ವಿಪಿಎನ್ ಹಾಕಿದರೆ ಯಾವ ಸೈಟ್ ಅಂತ ಅವರಿಗೆ ಕಾಣುವುದಿಲ್ಲ, ಅದಕ್ಕೇ ಬಿಡುತ್ತಾರೆ, ಇದು ನೆಟ್ ನ್ಯೂಟ್ರಾಲಿಟಿ ಕಾನೂನು ಮುರಿದ ಹಾಗೆ ಅಲ್ವಾ ಅಂತ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನೆಟ್ ನ್ಯೂಟ್ರಾಲಿಟಿ ಅಂದರೆ ಏನು ಅಂತ ನಮ್ಮ ಕರಾವಳಿಯವರಿಗೆ ಪಾಠ ಮಾಡುವುದೇ ಬೇಡ, ದುಬೈ ಅಂದರೆ ಸಾಕು. ಅಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಫೋಟೊ ಹೋಗುತ್ತದೆ, ಆದರೆ ವಾಟ್ಸಾಪ್ ಕಾಲ್ ಹೋಗುವುದಿಲ್ಲ. ಪರವಾನಗಿ ಇರುವ ಬೋಟಿಮ್‌ನಂಥ ಆಪ್‌ಗಳಲ್ಲೇ ಮಾತಾಡಬೇಕು. ಅತ್ತೆಯ ಫೋನ್‌ನಲ್ಲಿ ಬೋಟಿಮ್ ಇರುವುದು ಅದೊಂದೇ ಕಾರಣಕ್ಕೆ. ಇಂಟರ್ನೆಟ್‌ಗೆ ದುಡ್ಡು ಕೊಟ್ಟ ಮೇಲೂ ಅದರಲ್ಲಿ ಏನು ಹರಿಯಬೇಕು ಅಂತ ಪೈಪಿನವನು ತೀರ್ಮಾನಿಸುತ್ತಾನೆ. ಹಾಗೆ ಮಾಡಬಾರದು, ಯಾವ ಸೈಟನ್ನೂ ತಡೆಯಬಾರದು, ನಿಧಾನ ಮಾಡಬಾರದು, ದುಡ್ಡು ತೆಗೆದುಕೊಂಡು ಒಂದನ್ನು ಮುಂದೆ ಬಿಡಬಾರದು ಅನ್ನುವುದೇ ನೆಟ್ ನ್ಯೂಟ್ರಾಲಿಟಿ. ಈ ಹೆಸರು ಕೊಟ್ಟವರು ಟಿಮ್ ವು ಅನ್ನುವ ಕಾನೂನು ಪ್ರಾಧ್ಯಾಪಕರು, 2003ರಲ್ಲಿ.

ನಮ್ಮಲ್ಲೂ ಒಂದು ಕಾಲದಲ್ಲಿ ಆ ಕಡೆಗೇ ಹೊರಟಿದ್ದೆವು. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್‌ನವರು ಇಂಟರ್ನೆಟ್ ಕಾಲ್‌ಗೆ ಬೇರೆಯೇ ದರ ಅಂತ ಘೋಷಿಸಿ, ಜನ ಗಲಾಟೆ ಮಾಡಿದ ಮೇಲೆ ವಾಪಸ್ ತೆಗೆದುಕೊಂಡರು. 2015ರಲ್ಲಿ ಟ್ರಾಯ್, ಅಂದರೆ ಫೋನ್ ಮತ್ತು ಇಂಟರ್ನೆಟ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ, ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ನಾನು ಕಳಿಸಲಿಲ್ಲ, ಸುಮ್ನೆ ಸೋಮಾರಿತನ. ಆಮೇಲೆ ಫೇಸ್‌ಬುಕ್‌ನವರ ಫ್ರೀ ಬೇಸಿಕ್ಸ್ ಬಂತು, ಪೇಪರ್‌ನಲ್ಲಿ ಪುಟಗಟ್ಟಲೆ ಜಾಹೀರಾತು, ಬಡವರಿಗೆ ಪುಕ್ಕಟೆ ಇಂಟರ್ನೆಟ್ ಅಂತ. ಪುಕ್ಕಟೆ ಹೌದು, ಆದರೆ ಅವರು ಆರಿಸಿದ ಸೈಟುಗಳು ಮಾತ್ರ. 2016ರ ಫೆಬ್ರವರಿ 8ರಂದು ಟ್ರಾಯ್ ಅದನ್ನು ನಿಲ್ಲಿಸಿತು: ಯಾವ ಸೈಟ್ ನೋಡುತ್ತೀರಿ ಅನ್ನುವುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವ ಹಾಗಿಲ್ಲ, ಹಾಕಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. 2017ರ ನವೆಂಬರ್‌ನಲ್ಲಿ ತಡೆಯುವುದು, ನಿಧಾನ ಮಾಡುವುದು ಎಲ್ಲಕ್ಕೂ ಸೇರಿಸಿ ಶಿಫಾರಸು ಬಂತು, 2018ರ ಜುಲೈನಲ್ಲಿ ಸರ್ಕಾರ ಒಪ್ಪಿತು, ಕಂಪನಿಗಳ ಲೈಸೆನ್ಸ್‌ನಲ್ಲೇ ಈ ಷರತ್ತು ಸೇರಿತು.

ಇಷ್ಟೆಲ್ಲ ಓದಿಕೊಂಡು, ಏಳು ಕಂಪ್ಲೇಂಟ್ ನಂಬರ್ ಬರೆದಿಟ್ಟುಕೊಂಡು, ಟ್ರಾಯ್‌ಗೆ ದೂರು ಕೊಡೋಣ ಅಂತ ಹೊರಟೆ. ಟ್ರಾಯ್ ಒಬ್ಬೊಬ್ಬ ಗ್ರಾಹಕನ ದೂರನ್ನು ನೋಡುವುದಿಲ್ಲ, ಅದು ನಿಮಗೂ ತಿಳಿದಿರಲಿ. ಮೊದಲು ಕಂಪನಿಯ ಕಂಪ್ಲೇಂಟ್ ಸೆಂಟರ್, ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿ. ಕಳ್ಳನ ಕೈಯಲ್ಲಿ ಬೀಗದ ಕೈ ಕೊಟ್ಟ ಹಾಗೆ ಅನ್ನಿಸಿತು. ಹೋಗಲಿ ಅಂತ, ಐರೋಳಿಯ ಡೇಟಾ ಸೆಂಟರ್‌ನಲ್ಲಿ ಕೆಲಸ ಮಾಡುವ ಕಾಲೇಜಿನ ಗೆಳೆಯನಿಗೆ ಫೋನ್ ಮಾಡಿದೆ. ಧಾರವಾಡದವನು, ನೆಟ್‌ವರ್ಕ್ ಬಿಟ್ಟರೆ ಅವನಿಗೆ ಇನ್ನೊಂದು ಪ್ರಪಂಚವಿಲ್ಲ.

ಅವನು ಒಂದು ಕಮಾಂಡ್ ಕೊಟ್ಟ. ನಮ್ಮ ಮನೆಯಿಂದ ಆ ಆಪ್‌ನ ಸರ್ವರ್‌ವರೆಗೆ ಎಲ್ಲೆಲ್ಲಿ ಹಾದು ಹೋಗುತ್ತದೆ ಅಂತ ತೋರಿಸುತ್ತದೆ. ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ಮಾಡಿ ಕಳಿಸು ಅಂದ. ಮಧ್ಯಾಹ್ನ ಎಲ್ಲ ಕಡೆ ಹೋಗಿ ಬರಲು ಹತ್ತು ಹನ್ನೆರಡು ಮಿಲಿಸೆಕೆಂಡ್. ರಾತ್ರಿ ಕಂಪನಿಯ ಒಳಗೆ ಇರುವವರೆಗೆ ಎಂಟು, ಹೊರಗೆ ಕಾಲಿಟ್ಟ ಮೊದಲ ಜಾಗದಲ್ಲೇ ನೂರ ನಲವತ್ತು. ಮಾರಾಯ, ನಿನ್ನ ಪಾಠವನ್ನು ಯಾರೂ ನಿಧಾನ ಮಾಡುತ್ತಿಲ್ಲ, ಅಂದ. ಆ ಕಡೆ ಹೋಗುವ ಲಿಂಕ್ ತುಂಬಿ ಹೋಗಿದೆ, ಅದನ್ನು ಅವರು ದೊಡ್ಡದು ಮಾಡಿಲ್ಲ, ಅಷ್ಟೇ. ವಿಪಿಎನ್ ಹಾಕಿದಾಗ ಬೇರೆ ಬಾಗಿಲಿನಿಂದ ಹೋಗುತ್ತದೆ, ಆ ಬಾಗಿಲು ಖಾಲಿ ಇದೆ, ಅದಕ್ಕೆ ಓಡುತ್ತದೆ.

ಹಾಗಾದರೆ ಮಾವನ ಯಕ್ಷಗಾನ? ಅದಕ್ಕೆ ಆ ಬಾಗಿಲೇ ಬೇಡ. ಗೂಗಲ್‌ನವರು, ನೆಟ್‌ಫ್ಲಿಕ್ಸ್‌ನವರು ತಮ್ಮ ಪೆಟ್ಟಿಗೆಗಳನ್ನು ತಂದು ಇಂಟರ್ನೆಟ್ ಕಂಪನಿಗಳ ಮನೆಯೊಳಗೇ ಇಟ್ಟಿದ್ದಾರೆ, ಕೇಬಲ್‌ನವರು ಅದಕ್ಕೆ ಕ್ಯಾಶ್ ಅನ್ನುತ್ತಾರೆ (ದುಡ್ಡಿನ ಕ್ಯಾಶ್ ಅಲ್ಲ, ವಿಡಿಯೊದ ನಕಲು ಇಟ್ಟುಕೊಳ್ಳುವ cache). ಜನ ಜಾಸ್ತಿ ನೋಡುವುದೆಲ್ಲ ಅಲ್ಲಿಂದಲೇ ಬರುತ್ತದೆ. ಸಣ್ಣ ಕೋಚಿಂಗ್‌ನವನಿಗೆ ಅಂಥ ಪೆಟ್ಟಿಗೆ ಎಲ್ಲಿಂದ ಬರಬೇಕು? ಅವನು ಹೊರಗಿನ ಬಾಗಿಲಿನಲ್ಲಿ ಸಾಲು ನಿಲ್ಲಬೇಕು. ಇಂಥ ಕ್ಯಾಶ್ ಜಾಲಗಳನ್ನು ಟ್ರಾಯ್ 2017ರಲ್ಲೇ ನೆಟ್ ನ್ಯೂಟ್ರಾಲಿಟಿಯ ಹೊರಗೆ ಇಟ್ಟಿದೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆ ಪೆಟ್ಟಿಗೆಗಳು ಇಲ್ಲದಿದ್ದರೆ ಯೂಟ್ಯೂಬ್ ಕೂಡ ಅದೇ ಬಾಗಿಲಿನಲ್ಲಿ ನುಗ್ಗುತ್ತಿತ್ತು, ಆಗ ಪಾಠವೂ ಇಲ್ಲ, ಯಕ್ಷಗಾನವೂ ಇಲ್ಲ.

ಇದನ್ನು ಲೋಕಲ್ ಟ್ರೈನ್ ಹತ್ತುವವರಿಗೆ ಹೇಳುವುದು ಸುಲಭ. ಬೆಳಿಗ್ಗೆ ಗೋರೆಗಾಂವ್ ಸ್ಟೇಷನ್‌ನಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ. ಟಿಕೆಟ್ ಎಲ್ಲರಿಗೂ ಒಂದೇ. ಆದರೆ ಬೊರಿವಲಿಯಿಂದ ತುಂಬಿ ಬಂದ ಚರ್ಚ್‌ಗೇಟ್ ಲೋಕಲ್‌ನಲ್ಲಿ ಕಾಲಿಡಲು ಜಾಗವೇ ಇಲ್ಲ. ರೈಲ್ವೆ ನಿಮಗೆ ಭೇದ ಮಾಡಿತಾ? ಇಲ್ಲ. ನೀವು ಆಫೀಸಿಗೆ ಹೊತ್ತಿಗೆ ಮುಟ್ಟಿದಿರಾ? ಅದೂ ಇಲ್ಲ. ಅಮೆರಿಕದಲ್ಲಿ ಇದೇ ಜಗಳ ದೊಡ್ಡ ಮಟ್ಟದಲ್ಲಿ ಆಗಿತ್ತು. 2013ರ ಕೊನೆಗೆ ಕಾಮ್‌ಕಾಸ್ಟ್ ಅನ್ನುವ ಇಂಟರ್ನೆಟ್ ಕಂಪನಿಯ ಗ್ರಾಹಕರಿಗೆ ನೆಟ್‌ಫ್ಲಿಕ್ಸ್ ನಿಧಾನ ಆಗುತ್ತಾ ಹೋಯಿತು, ಎರಡು ಕಂಪನಿಗಳ ನಡುವಿನ ಲಿಂಕ್ ತುಂಬಿತ್ತು, ಯಾರು ದುಡ್ಡು ಕೊಟ್ಟು ಅಗಲ ಮಾಡಬೇಕು ಅನ್ನುವುದು ಪ್ರಶ್ನೆ. 2014ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ದುಡ್ಡು ಕೊಡಲು ಒಪ್ಪಿತು, ಅದಾದ ಮೇಲೆ ಸ್ಪೀಡ್ ಏರಿತು. ನೆಟ್‌ಫ್ಲಿಕ್ಸ್‌ಗೆ ಕೊಡಲು ದುಡ್ಡಿತ್ತು. ನಮ್ಮ ಕೋಚಿಂಗ್‌ನವನು ಬೋರ್ಡ್ ಮೇಲೆ ಬರೆಯುವುದಕ್ಕೆ ಕ್ಯಾಮೆರಾ ಹಿಡಿಯುವ ಹುಡುಗನನ್ನೇ ಇಟ್ಟುಕೊಂಡಿಲ್ಲ.

ಸರಿ, ಕಂಪನಿ ಬದಲಾಯಿಸೋಣ ಅಂತ ತೀರ್ಮಾನಿಸಿದೆವು. ಆಗ ಇನ್ನೊಂದು ಬಾಗಿಲು ಎದುರಾಯಿತು, ಅದು ಸೊಸೈಟಿಯ ಬಾಗಿಲು. ನಮ್ಮ ಕಮಿಟಿಯವರು ಆ ದೊಡ್ಡ ಕಂಪನಿಯ ಹತ್ತಿರ ಮೊದಲೇ ಮಾತಾಡಿಕೊಂಡಿದ್ದರು. ಸಿಸಿಟಿವಿಗೂ ವಾಚ್‌ಮನ್ ಕ್ಯಾಬಿನ್‌ಗೂ ಪುಕ್ಕಟೆ ಲೈನ್, ಅದಕ್ಕೆ ಬದಲಾಗಿ ಡಕ್ಟ್‌ನಲ್ಲಿ, ಅಂದರೆ ಬಿಲ್ಡಿಂಗ್ ಒಳಗೆ ತಂತಿ ಹೋಗುವ ದಾರಿಯಲ್ಲಿ, ಬೇರೆ ಯಾರ ಕೇಬಲ್ಲೂ ಬೇಡ. ಬರೆದದ್ದು ಏನೂ ಇಲ್ಲ, ಆದರೆ ಸೆಕ್ರೆಟರಿ ಬೇರೆಯವರ ಲೈನ್‌ಮ್ಯಾನ್ ಬಂದರೆ ಗೇಟಿನಲ್ಲೇ ನಿಲ್ಲಿಸುತ್ತಿದ್ದರು. ಗೋಡೆಗೆ ತೂತು ಬೀಳುತ್ತದೆ, ಬಣ್ಣ ಹಾಳಾಗುತ್ತದೆ ಅನ್ನುವ ಕಾರಣ. ದಿಲ್ಲಿಯಲ್ಲಿ ಇಷ್ಟು ದೊಡ್ಡ ಕಾನೂನು ಮಾಡಿ ಸೈಟುಗಳ ನಡುವೆ ಭೇದ ಬೇಡ ಅಂದರು, ಇಲ್ಲಿ ನಾಲ್ಕು ಮಾಳಿಗೆಯ ಬಿಲ್ಡಿಂಗ್‌ನಲ್ಲಿ ಒಬ್ಬರು ಕೂತು ಕಂಪನಿಯನ್ನೇ ಆರಿಸುತ್ತಿದ್ದಾರೆ. ಬಿಲ್ಡಿಂಗ್ ಒಳಗೆ ಎಲ್ಲ ಕಂಪನಿಗಳಿಗೂ ಜಾಗ ಕೊಡಬೇಕು ಅಂತ ಟ್ರಾಯ್ 2017ರ ಜನವರಿಯಲ್ಲೇ ಶಿಫಾರಸು ಮಾಡಿದೆ. ಅದರ ಪ್ರಿಂಟ್ ತೆಗೆದು ಸೆಕ್ರೆಟರಿಗೆ ಕೊಟ್ಟೆ. ಓದುತ್ತೇನೆ ಅಂತ ಫೈಲಿನಲ್ಲಿ ಇಟ್ಟರು.

ಕೊನೆಗೆ ದಾರಿ ಸಿಕ್ಕಿದ್ದು ಪಕ್ಕದ ಬಿಲ್ಡಿಂಗ್‌ನ ತಾರಸಿಯಿಂದ. ಅಲ್ಲಿಗೆ ಗಲ್ಲಿ ಕೇಬಲ್‌ನವರ ಲೈನ್ ಬಂದಿತ್ತು. ತಂತಿ ಮೇಲಿನಿಂದ ನಮ್ಮ ಕಿಟಕಿಗೆ ಇಳಿಯಿತು, ಡಕ್ಟ್ ಮುಟ್ಟಲಿಲ್ಲ. ಕಮಿಟಿ ಎರಡು ಸಾವಿರ ಡಿಪಾಸಿಟ್ ತೆಗೆದುಕೊಂಡು ಸುಮ್ಮನಾಯಿತು. ಕೇಬಲ್‌ನವರು ಮರಾಠಿಯವರು, ಎಲ್ಲರೂ ದಾದಾ ಅಂತಲೇ ಕರೆಯುವುದು. ಮೊದಲು ಅಪ್ಪ ಟಿವಿ ಕೇಬಲ್ ನಡೆಸುತ್ತಿದ್ದರು, ಈಗ ಮಗ ಫೈಬರ್ ನಡೆಸುತ್ತಾರೆ. ಡಬ್ಬಿಗೆ ಸಾವಿರ ರೂಪಾಯಿ ಡಿಪಾಸಿಟ್. 100 ಎಂಬಿಪಿಎಸ್‌ಗೆ ತಿಂಗಳಿಗೆ 600, ಜಿಎಸ್‌ಟಿ ಸೇರಿ 708. ಆಪ್ ಗೀಪ್ ಏನೂ ಫ್ರೀ ಇಲ್ಲ. ಮಧ್ಯಾಹ್ನ ಎರಡಕ್ಕೆ ಹುಡುಗ ಬಂದ, ಮೂರೂವರೆಗೆ ಇಂಟರ್ನೆಟ್ ಬಂತು, ಚಹಾ ಕುಡಿದು ಹೋದ.

ಈಗ ಅಸಲಿ ವಿಷಯ. ಹೇಗಿದೆ? ರಾತ್ರಿ ಹತ್ತಕ್ಕೆ ಹೊರಗಿನ ಸರ್ವರ್ ಇಟ್ಟು ಟೆಸ್ಟ್ ಮಾಡಿದರೆ 85ರಿಂದ 95 ಬರುತ್ತದೆ. ದೊಡ್ಡ ಕಂಪನಿಯಲ್ಲಿ ಅದೇ ಟೆಸ್ಟ್ 11, 14, ಒಮ್ಮೊಮ್ಮೆ 6. ಮಗಳ ಪಾಠ ಹದಿನಾಲ್ಕು ತಿಂಗಳಲ್ಲಿ ಸುತ್ತಿದ್ದು ನೆನಪಿದ್ದಂತೆ ಮೂರು ಸಲ. ಕ್ರಿಕೆಟ್‌ನಲ್ಲಿ ಪಕ್ಕದ ಮನೆಯವರು ಕೂಗಿದ ಮೇಲೆ ನಮ್ಮಲ್ಲಿ ವಿಕೆಟ್ ಬೀಳುತ್ತದೆ, ಅದು ಎಲ್ಲ ಕಡೆಯೂ ಹಾಗೆಯೇ ಬಿಡಿ. ಯಕ್ಷಗಾನದಲ್ಲಿ ವ್ಯತ್ಯಾಸವೇ ಇಲ್ಲ, ಅದು ಮೊದಲೂ ಚೆನ್ನಾಗಿತ್ತು. ಮಾವನಿಗೆ ನಾವು ಯಾಕೆ ಬದಲಾಯಿಸಿದೆವು ಅಂತ ಇವತ್ತಿಗೂ ಅರ್ಥವಾಗಿಲ್ಲ.

ಕಡಿಮೆ ದುಡ್ಡಿಗೆ ಜಾಸ್ತಿ ಹೇಗೆ ಕೊಡುತ್ತೀರಿ ಅಂತ ದಾದಾನನ್ನೇ ಕೇಳಿದೆ. ನಕ್ಕರು. ಯಾರೂ 100 ಎಂಬಿಪಿಎಸ್ ಮಾರಿ 100 ಇಟ್ಟಿರುವುದಿಲ್ಲ. ಎಲ್ಲರೂ ಒಂದೇ ಸಲ ಬಳಸುವುದಿಲ್ಲ ಅನ್ನುವ ಧೈರ್ಯದ ಮೇಲೆ ಈ ಧಂದೆ ನಡೆಯುವುದು. ಮನೆ ಲೈನ್‌ಗೆ ಒಂದಕ್ಕೆ ಐವತ್ತರವರೆಗೆ ಹಂಚಬಹುದು ಅಂತ ಟ್ರಾಯ್ ಮಾರ್ಗಸೂಚಿಯೇ ಇತ್ತು. ಅಂದರೆ ಕಾಗದದ ಮೇಲೆ ಐವತ್ತು ಮನೆಗೆ ಸೇರಿ 100. ದಾದಾ ಹೇಳುವ ಪ್ರಕಾರ ಅವರು ಅಷ್ಟು ಎಳೆಯುವುದಿಲ್ಲ. ನಿಜ ಇರಬಹುದು, ಇಲ್ಲದಿರಬಹುದು, ನಾನು ಅವರ ಲೆಕ್ಕದ ಪುಸ್ತಕ ನೋಡಿಲ್ಲ. ಬ್ಯಾಂಡ್‌ವಿಡ್ತನ್ನು, ಅಂದರೆ ಸಗಟು ಇಂಟರ್ನೆಟ್ಟನ್ನು, ಇಬ್ಬರ ಹತ್ತಿರ ಕೊಳ್ಳುತ್ತಾರೆ, ಒಬ್ಬರದು ತುಂಬಿದರೆ ಇನ್ನೊಬ್ಬರ ಕಡೆ ತಿರುಗಿಸುತ್ತಾರೆ. ಗ್ರಾಹಕರು ಇದೇ ನಾಲ್ಕು ಗಲ್ಲಿಯವರು. ರಾತ್ರಿ ನಿಧಾನ ಆದರೆ ಬೆಳಿಗ್ಗೆ ಹಾಲಿನ ಅಂಗಡಿ ಮುಂದೆ ಹಿಡಿದು ಕೇಳುತ್ತಾರೆ. ಕಸ್ಟಮರ್ ಕೇರ್ ಅಂದರೆ ಅದು.

ದೋಷ ಇಲ್ಲವಾ? ಇವೆ, ಬೇಕಾದಷ್ಟು. ಕರೆಂಟ್ ಹೋದರೆ ನಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಇಂಟರ್ನೆಟ್ ಹೋಗುತ್ತದೆ, ಯಾಕೆಂದರೆ ಪಕ್ಕದ ತಾರಸಿಯ ಡಬ್ಬಿಗೆ ಬ್ಯಾಟರಿ ಇಲ್ಲ. ನಾಲ್ಕು ಸಲ ಹೇಳಿದ್ದೇನೆ, ಹಾಕುತ್ತೇನೆ ಅನ್ನುತ್ತಾರೆ. ಒಂದೇ ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ಲೈನನ್ನು ಗುರುತಿಸುವ ನಂಬರ್) ಎಷ್ಟೋ ಮನೆಗಳಿಗೆ ಹಂಚುವುದರಿಂದ ಹೊರಗಿನಿಂದ ಮನೆಯ ಕ್ಯಾಮೆರಾ ನೋಡಲು ಆಗುವುದಿಲ್ಲ. ಕೆಲವು ಸೈಟುಗಳು ನೀವು ಮನುಷ್ಯರೇನಾ ಅಂತ ಸಿಗ್ನಲ್ ದೀಪದ ಚಿತ್ರ ತೋರಿಸಿ ಪರೀಕ್ಷೆ ಮಾಡುತ್ತವೆ. ಬೇರೆ ಐಪಿ ಬೇಕಾದರೆ ತಿಂಗಳಿಗೆ 150 ಜಾಸ್ತಿ. ಬಿಲ್ ಕೇಳಿದರೆ ವಾಟ್ಸಾಪ್‌ನಲ್ಲಿ ಬರುತ್ತದೆ, ಕೇಳದಿದ್ದರೆ ಇಲ್ಲ. ಹೆಂಡತಿಗೆ ಆಫೀಸಿನಲ್ಲಿ ಇಂಟರ್ನೆಟ್ ಖರ್ಚು ವಾಪಸ್ ಸಿಗುತ್ತದೆ, ಪ್ರತಿ ತಿಂಗಳೂ ಒಂದು ಬಿಲ್‌ಗೆ ಮೂರು ಮೆಸೇಜ್. ಗಣಪತಿ ಹಬ್ಬದ ಐದು ದಿನ ಇವರ ಹುಡುಗರು ಒಬ್ಬರೂ ಸಿಗುವುದಿಲ್ಲ, ಎಲ್ಲ ಮಂಡಳದಲ್ಲಿ.

ಮಳೆಗಾಲದ್ದು ಬೇರೆಯೇ ಕಥೆ. ಜುಲೈನಲ್ಲಿ ಮರದ ಕೊಂಬೆ ಬಿದ್ದು ತಂತಿ ಹರಿಯಿತು, ಎರಡು ದಿನ ಇಂಟರ್ನೆಟ್ ಇಲ್ಲ. ನೆಲದಡಿ ಯಾಕೆ ಹಾಕುವುದಿಲ್ಲ ಅಂತ ದಾದಾನನ್ನು ಕೇಳಿದೆ. ಮುಂಬಯಿಯಲ್ಲಿ ರಸ್ತೆ ಅಗೆಯಲು ಪಾಲಿಕೆಗೆ ದುಡ್ಡು ಕಟ್ಟಬೇಕು, ಅಗೆದದ್ದನ್ನು ಮುಚ್ಚಿಸುವ ಖರ್ಚೂ ನಮ್ಮ ಮೇಲೆಯೇ ಬರುತ್ತದೆ, ಮಳೆಗಾಲದಲ್ಲಂತೂ ಅಗೆಯಲು ಬಿಡುವುದೇ ಇಲ್ಲ, ನನ್ನಂಥವನು ಗಲ್ಲಿ ಗಲ್ಲಿ ಅಗೆದರೆ 600 ರೂಪಾಯಿಗೆ ಕೊಡಲು ಆಗುತ್ತದಾ ಅಂದರು. ಲೈಸೆನ್ಸ್ ಶುಲ್ಕ ಬೇರೆ. ಕೇಬಲ್ ಹಾಕುವ ಅನುಮತಿಗೆ ದೇಶಕ್ಕೆಲ್ಲ ಹೊಸ ನಿಯಮ 2025ರ ಜನವರಿ 1ರಿಂದ ಬಂದಿದೆ. ನಮ್ಮ ಗಲ್ಲಿಯಲ್ಲಿ ತಂತಿ ಇನ್ನೂ ಮರದಿಂದ ಮರಕ್ಕೇ ಹಾರುತ್ತಿದೆ.

ದುಡ್ಡಿನ ಮಾತು ಬಂತಲ್ಲ, ಇದರಲ್ಲೇ ನನಗೆ ಜಾಸ್ತಿ ಕುತೂಹಲ. ದೊಡ್ಡ ಕಂಪನಿಗಳು 2015ರಿಂದ ಹೇಳುತ್ತಿರುವುದು ಒಂದೇ ಮಾತು. ರಸ್ತೆ ನಮ್ಮದು, ಲಾರಿ ಓಡಿಸುವವರು ಅಮೆರಿಕದವರು, ಅವರಿಂದ ಏನೂ ತೆಗೆದುಕೊಳ್ಳಬೇಡಿ ಅಂದರೆ ರಸ್ತೆ ಅಗಲ ಮಾಡಲು ದುಡ್ಡು ಎಲ್ಲಿಂದ ತರುವುದು? ಕೇಳಲು ಸರಿ ಅನ್ನಿಸುತ್ತದೆ. ಆದರೆ ಟೋಲ್ ನಾನು ಕೊಡುತ್ತಿದ್ದೆನಲ್ಲ, ತಿಂಗಳಿಗೆ 1179. ಲಾರಿಯನ್ನು ಕರೆಸಿದ್ದು ನಾನು. ಒಂದೇ ಲಾರಿಗೆ ಎರಡು ಕಡೆ ಟೋಲ್ ಯಾಕೆ?

ನಡೆದದ್ದನ್ನೇ ನೋಡೋಣ. 2016ರ ಫೆಬ್ರವರಿಯಲ್ಲಿ ನಿಯಮ ಬಂತು, ಆ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. 2014ರಲ್ಲಿ ಒಂದು ಜಿಬಿಗೆ ಸುಮಾರು 269 ರೂಪಾಯಿ ಇದ್ದದ್ದು 2018ಕ್ಕೆ 12ರ ಒಳಗೆ ಇಳಿಯಿತು. 2022ರ 5ಜಿ ಹರಾಜಿನಲ್ಲಿ ಕಂಪನಿಗಳು ಒಂದೂವರೆ ಲಕ್ಷ ಕೋಟಿ ರೂಪಾಯಿಗೆ ಮೊಬೈಲ್ ಸಿಗ್ನಲ್‌ಗೆ ಬೇಕಾದ ತರಂಗ ಕೊಂಡವು. ನೆಟ್ ನ್ಯೂಟ್ರಾಲಿಟಿ ಬಂದರೆ ಯಾರೂ ಹಣ ಹಾಕುವುದಿಲ್ಲ ಅಂದವರ ಲೆಕ್ಕ ಅಂತೂ ತಪ್ಪಿತು. ಹಾಗಂತ ನಿಯಮದಿಂದಲೇ ಇಷ್ಟು ಹಣ ಬಂತು ಅಂತ ಹೇಳಿದರೆ ಅದೂ ಸುಳ್ಳು. ಅದು ಬೆಲೆ ಯುದ್ಧ. ಅದರಲ್ಲಿ ಏರ್‌ಸೆಲ್ ಮುಳುಗಿತು, ರಿಲಯನ್ಸ್ ಕಮ್ಯುನಿಕೇಷನ್ಸ್ ಮುಚ್ಚಿತು, ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. ಉಳಿದವರು ಕಡಿಮೆ ಆದ ಮೇಲೆ 2024ರ ಜುಲೈನಲ್ಲಿ ಮೊಬೈಲ್ ದರ ಮತ್ತೆ ಏರಿತು. ಅಮೆರಿಕದಲ್ಲಂತೂ ಈ ನಿಯಮ 2015ರಲ್ಲಿ ಬಂತು, 2017ರಲ್ಲಿ ತೆಗೆಯಲು ಮತ ಹಾಕಿದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟ್ ಹೊಡೆದು ಹಾಕಿತು. ಪ್ರತಿ ಸಲವೂ ಎರಡು ಕಡೆಯವರೂ ಹೂಡಿಕೆಯ ಅಂಕಿ ಹಿಡಿದುಕೊಂಡು ನಮ್ಮದೇ ಸರಿ ಅಂದರು.

ದೊಡ್ಡ ಸೈಟುಗಳು ಕಂಪನಿಗಳಿಗೆ ದುಡ್ಡು ಕೊಡಬೇಕು ಅನ್ನುವ ಮಾತು ನಮ್ಮಲ್ಲಿ ಈಗ ಮತ್ತೆ ಎದ್ದಿದೆ, ಮೊಬೈಲ್ ಕಂಪನಿಗಳ ಸಂಘವೇ ಕೇಳುತ್ತಿದೆ. ಕೊರಿಯಾದಲ್ಲಿ ಈಗಾಗಲೇ ಅಂಥ ಪದ್ಧತಿ ಇದೆ. ಆಟ ಆಡುವುದನ್ನು ಲೈವ್ ತೋರಿಸುವ ಟ್ವಿಚ್ ಅನ್ನುವವರು ಖರ್ಚು ತಡೆಯಲಾರದೆ 2022ರಲ್ಲಿ ಅಲ್ಲಿ ವಿಡಿಯೊ ಗುಣಮಟ್ಟ ಇಳಿಸಿದರು, 2024ರ ಫೆಬ್ರವರಿಯಲ್ಲಿ ದೇಶವನ್ನೇ ಬಿಟ್ಟರು. ಬೇರೆ ದೇಶಗಳಿಗಿಂತ ಇಲ್ಲಿ ಹತ್ತು ಪಟ್ಟು ಖರ್ಚು ಅಂತ ಅವರು ಹೇಳಿದ ಕಾರಣ. ಈ ವಿಷಯ ದಾದಾನ ಹತ್ತಿರ ಹೇಳಿದರೆ ಅವರಿಗೆ ಟ್ವಿಚ್ ಗೊತ್ತಿರಲಿಲ್ಲ, ಲೆಕ್ಕ ಮಾತ್ರ ಥಟ್ಟನೆ ಗೊತ್ತಾಯಿತು. ಗೂಗಲ್‌ನವರು ದುಡ್ಡು ಕೊಡುವುದಾದರೆ ಯಾರಿಗೆ ಕೊಡುತ್ತಾರೆ, ನನಗಾ? ಮೇಲಿನ ಮೂರು ದೊಡ್ಡ ಕಂಪನಿಗಳಿಗೆ. ಆ ದುಡ್ಡಿನಲ್ಲಿ ಅವರು ಇದೇ ಗಲ್ಲಿಯಲ್ಲಿ 400 ರೂಪಾಯಿಗೆ ಲೈನ್ ಕೊಡುತ್ತಾರೆ, ನಾನು ಅಂಗಡಿ ಮುಚ್ಚುತ್ತೇನೆ, ಮಾರನೇ ವರ್ಷ ನಿಮಗೆ 1500. ಈಗ ನಾನು ಬ್ಯಾಂಡ್‌ವಿಡ್ತ್ ಕೊಳ್ಳುವವರ ಹತ್ತಿರ ಅವರ ಕ್ಯಾಶ್ ಪೆಟ್ಟಿಗೆ ಇದೆ, ನನ್ನ ಖರ್ಚು ಅರ್ಧ ಉಳಿಯುವುದೇ ಅದರಿಂದ. ಅವರ ಜೊತೆ ಜಗಳ ಮಾಡಿ ನನಗೇನು ಸಿಗುತ್ತದೆ?

ಕಾಲೇಜಿನಲ್ಲಿ ಕಾಮರ್ಸ್ ಓದಿದ ನನಗೆ ಇಷ್ಟು ಸೀದಾ ಯಾರೂ ಹೇಳಿರಲಿಲ್ಲ.

ಯಾವ ಕಂಪನಿಯ ಕೈಯಲ್ಲೂ ಇಲ್ಲದ ತೊಂದರೆಗಳೂ ಇವೆ. 2025ರ ಸೆಪ್ಟೆಂಬರ್ 6ರಂದು ಜೆಡ್ಡಾ ಹತ್ತಿರ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದವು. ಹೆಂಡತಿಯ ಜರ್ಮನಿ ಮೀಟಿಂಗ್‌ಗಳಲ್ಲಿ ಆ ವಾರ ಎಲ್ಲರ ಬಾಯಿ ಒಂದು ಕಡೆ, ಮಾತು ಒಂದು ಕಡೆ. ನಾನು ದಾದಾಗೆ ಫೋನ್ ಮಾಡಿ ಬೈದೆ, ಆಮೇಲೆ ಸುದ್ದಿ ಓದಿ ನಾಚಿಕೆಯಾಗಿ ಸಾರಿ ಅಂದೆ. ತಮಾಷೆ ಏನೆಂದರೆ ಸಮುದ್ರದ ಕೇಬಲ್‌ಗಳು ನೆಲ ಹತ್ತುವ ಜಾಗಗಳಲ್ಲಿ ವರ್ಸೋವಾ ಒಂದು, ನಮ್ಮ ಮನೆಯಿಂದ ಆಟೋದಲ್ಲಿ ಹೋಗಿ ಬರುವಷ್ಟು ದೂರ. ಈ ದೇಶದಲ್ಲಿ ಇಂಟರ್ನೆಟ್ ಜನರಿಗೆ ಸಿಕ್ಕಿದ್ದೂ ಆಗ ಸರ್ಕಾರದ್ದಾಗಿದ್ದ ವಿಎಸ್‌ಎನ್‌ಎಲ್ ಕಂಪನಿಯವರು 1995ರ ಆಗಸ್ಟ್ 15ರಂದು ಈ ಊರೂ ಸೇರಿ ಕೆಲವು ದೊಡ್ಡ ಊರುಗಳಲ್ಲಿ ಶುರು ಮಾಡಿದ ಮೇಲೆ. ಯುರೋಪಿನಿಂದ ಸಮುದ್ರದಡಿ ಸಾವಿರಾರು ಕಿಲೋಮೀಟರ್ ಬಂದ ಬೆಳಕು ಕೊನೆಯ ನೂರು ಅಡಿಯಲ್ಲಿ ಸೆಕ್ರೆಟರಿಯ ಗೇಟಿನ ಮುಂದೆ ನಿಲ್ಲುತ್ತದೆ.

ಯಾರಿಗೆ ಈ ಗಲ್ಲಿ ಫೈಬರ್ ಆಗಿಬರುತ್ತದೆ ಅಂತ ಕೇಳಿದರೆ, ಮನೆಯಲ್ಲಿ ಓದುವ ಮಕ್ಕಳು, ಸಣ್ಣ ಸೈಟುಗಳು, ವಿಪಿಎನ್ ಕೆಲಸ ಇದ್ದವರಿಗೆ ಕಣ್ಣು ಮುಚ್ಚಿ ಹೌದು ಅನ್ನುತ್ತೇನೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್ ಅಷ್ಟೇ ನೋಡುವವರಿಗೆ ದೊಡ್ಡ ಕಂಪನಿಯೇ ಸಾಕು, ವ್ಯತ್ಯಾಸ ಕಾಣುವುದೇ ಇಲ್ಲ. ಕರೆಂಟ್ ಜಾಸ್ತಿ ಹೋಗುವ ಕಡೆ ಬೇಡ. ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ, ಮೂರು ತಿಂಗಳಿಗೆ ಕಟ್ಟಿ ಒಂದು ಮಳೆಗಾಲ ನೋಡಿ. ಹಾಕಿಸುವ ಮೊದಲು ಅದೇ ಕೇಬಲ್‌ನವರ ಲೈನ್ ಇರುವ ಪಕ್ಕದ ಮನೆಗೆ ರಾತ್ರಿ ಹತ್ತಕ್ಕೆ ಹೋಗಿ, ಯಾವುದಾದರೂ ಸಣ್ಣ ಸೈಟಿನ ವಿಡಿಯೊ ಹಾಕಿ ನೋಡಿ. ಐದರಲ್ಲಿ ನಾಲ್ಕು ಕೊಡುತ್ತೇನೆ. ತಾರಸಿಯ ಡಬ್ಬಿಗೆ ಬ್ಯಾಟರಿ ಹಾಕಿದ ದಿನ ಉಳಿದ ಅರ್ಧ, ಬಿಲ್ ತಾನಾಗಿ ಬಂದ ದಿನ ಇನ್ನರ್ಧ.

ನಮ್ಮ ಸೊಸೈಟಿಯ ಎಜಿಎಂ, ಅಂದರೆ ವರ್ಷದ ಸಭೆ, ಮುಂದಿನ ತಿಂಗಳು ಇದೆ. ಎಲ್ಲ ಕಂಪನಿಗಳಿಗೂ ಡಕ್ಟ್ ಬಿಡಬೇಕು ಅಂತ ಬರೆದು ಹನ್ನೊಂದು ಮನೆಯವರ ಸಹಿ ಹಾಕಿಸಿ ಕೊಟ್ಟಿದ್ದೇನೆ. ಅಜೆಂಡಾದಲ್ಲಿ ಅದು ಒಂಬತ್ತನೆಯದು. ಅದಕ್ಕೂ ಮೊದಲು ನೀರಿನ ಟ್ಯಾಂಕಿ, ಪಾರ್ಕಿಂಗ್, ಎರಡನೇ ಮಾಳಿಗೆಯ ಸೋರುವ ಗೋಡೆ. ಹೋದ ವರ್ಷ ಐದನೆಯದಕ್ಕೆ ಬರುವಷ್ಟರಲ್ಲಿ ವಡಾ ಪಾವ್ ಬಂದು ಮೀಟಿಂಗ್ ಮುಗಿದಿತ್ತು.